ಒಬ್ಬರೇ ಡಾಕ್ಟರ್ ಇರುವ ಕ್ಲಿನಿಕ್: ಎರಡನೇ ಜೋಡಿ ಕಣ್ಣು ಎಲ್ಲಿಂದ ತರುವುದು?

ದೊಡ್ಡ ಆಸ್ಪತ್ರೆಯಲ್ಲಿ ಒಂದು ರಿಪೋರ್ಟ್ ನಿಮ್ಮ ಕಣ್ಣು ತಪ್ಪಿದರೂ ಅದನ್ನು ಹಿಡಿಯುವವರು ಇರುತ್ತಾರೆ. ಪಾಳಿ ಬದಲಾದಾಗ ಬರುವ ನರ್ಸ್, ರೌಂಡ್ಸ್‌ನಲ್ಲಿ ಪ್ರಶ್ನೆ ಕೇಳುವ ಹಿರಿಯ ವೈದ್ಯರು, ಡೋಸ್ ನೋಡಿ ಫೋನ್ ಮಾಡುವ ಫಾರ್ಮಸಿಸ್ಟ್, ಹೀಗೆ ಯಾರಾದರೊಬ್ಬರು. ಸ್ವಂತ ಕ್ಲಿನಿಕ್ ತೆರೆದ ದಿನ ಇವರ್ಯಾರೂ ನಿಮ್ಮ ಜೊತೆ ಬರುವುದಿಲ್ಲ. ನೀವು ಮರೆತದ್ದನ್ನು ಇಡೀ ಕ್ಲಿನಿಕ್ ಮರೆಯುತ್ತದೆ. ಜಾಗ, ಬೋರ್ಡು, ಪೀಠೋಪಕರಣದ ಬಗ್ಗೆ ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಜೊತೆಗಿಲ್ಲದ ಆ ಎರಡನೆಯವರ ಕೆಲಸವನ್ನು ಯಾವ ರಿಜಿಸ್ಟರ್, ಯಾವ ಪಟ್ಟಿ, ಯಾವ ಅಭ್ಯಾಸ ಮಾಡಬೇಕು ಎಂದು ಹೇಳುವವರು ಕಡಿಮೆ. ಇಲ್ಲಿ ಬರೆದಿರುವುದು ಬಹುಪಾಲು ಅದನ್ನೇ.

ಮೊದಲು ದುಡ್ಡಿನ ಲೆಕ್ಕ. ಇದನ್ನು ಕಾಗದದ ಮೇಲೆ ಮಾಡದೆ ಜಾಗದ ಬೀಗದ ಕೈ ತೆಗೆದುಕೊಳ್ಳಬೇಡಿ. ಪೇಷಂಟ್ ಬಂದರೂ ಬರದಿದ್ದರೂ ತಿಂಗಳಿಗೆ ಹೋಗಿಯೇ ಹೋಗುವ ಖರ್ಚುಗಳನ್ನು ಕೂಡಿ: ಬಾಡಿಗೆ, ಸಂಬಳ, ಕರೆಂಟು, ಫೋನು, ಸಾಲದ ಕಂತು, ವೃತ್ತಿ ವಿಮೆ, ವೈದ್ಯಕೀಯ ತ್ಯಾಜ್ಯ ಸಾಗಿಸುವವರ ಬಿಲ್ಲು. ಇದನ್ನು 100 ಪಾಲು ಎಂದಿಟ್ಟುಕೊಳ್ಳೋಣ. ಒಬ್ಬ ಪೇಷಂಟಿನಿಂದ ಬರುವ ಫೀಸಿನಲ್ಲಿ ಹತ್ತಿ, ಗ್ಲೌಸ್, ಸಿರಿಂಜ್ ಇತ್ಯಾದಿ ಕಳೆದು ಅರ್ಧ ಪಾಲು ಉಳಿಯುತ್ತದೆ ಎಂದರೆ, ತಿಂಗಳಿಗೆ 200 ಜನ ಬಂದಾಗ ಕ್ಲಿನಿಕ್ ತನ್ನ ಖರ್ಚನ್ನು ತಾನು ನೋಡಿಕೊಳ್ಳುತ್ತದೆ. ನಿಮ್ಮ ಮನೆ ನಡೆಯಲು ಇನ್ನೊಂದು 60 ಪಾಲು ಬೇಕು ಎನ್ನಿ. ಆಗ 320 ಜನ. ತಿಂಗಳಿಗೆ 24 ದಿನ ಕೆಲಸವಾದರೆ ದಿನಕ್ಕೆ 13ರಿಂದ 14. ಅನೇಕರು ಈ ಅಂಕಿ ನೋಡಿ, ಅಷ್ಟೇ ತಾನೆ ಎಂದು ಲೆಕ್ಕ ಮುಗಿಸುತ್ತಾರೆ. ಎಡವುವುದು ಅಲ್ಲೇ.

ಮೊದಲ ತಿಂಗಳೇ 13 ಜನ ಬರುವುದಿಲ್ಲ. ದಿನಕ್ಕೆ 3 ಜನರಿಂದ ಶುರುವಾಗಿ ತಿಂಗಳಿಗೆ 2ರಂತೆ ಏರಿದರೆ ಆರನೇ ತಿಂಗಳಿಗೆ 13 ತಲುಪುತ್ತೀರಿ. ಆ ಆರು ತಿಂಗಳ ಕೊರತೆಯನ್ನು ಒಂದೊಂದಾಗಿ ಕೂಡಿದರೆ 384 ಪಾಲು, ಅಂದರೆ ಹೆಚ್ಚುಕಡಿಮೆ ನಾಲ್ಕು ತಿಂಗಳ ಸ್ಥಿರ ಖರ್ಚಿನಷ್ಟು. ಅದೇ ಏರಿಕೆ ತಿಂಗಳಿಗೆ 1 ಆದರೆ 13 ತಲುಪಲು ಹನ್ನೊಂದು ತಿಂಗಳು ಬೇಕು, ಕೊರತೆ 704 ಪಾಲಿಗೆ ಹೋಗುತ್ತದೆ. ಬೆಳವಣಿಗೆಯ ವೇಗ ಅರ್ಧವಾದರೆ ಕೈಯಲ್ಲಿರಬೇಕಾದ ಹಣ ಸುಮಾರು ಇಮ್ಮಡಿಯಾಗುತ್ತದೆ. ಈ ಹಣ ಉಪಕರಣ ಕೊಳ್ಳಲು ಎತ್ತಿಟ್ಟ ಹಣದಿಂದ ಬೇರೆಯಾಗಿರಬೇಕು. ವಿಮಾ ಕಂಪನಿಗಳಿಂದ ಹಣ ಬರುವ ಪದ್ಧತಿ ನಿಮ್ಮದಾದರೆ ಬಿಲ್ ಕಳಿಸಿದ ದಿನಕ್ಕೂ ಹಣ ಕೈಗೆ ಬರುವ ದಿನಕ್ಕೂ ಇರುವ ಅಂತರವನ್ನೂ ಇದಕ್ಕೆ ಸೇರಿಸಿ. ನನ್ನ ದೃಢವಾದ ಅಭಿಪ್ರಾಯ: ಆದಾಯ ಹೆಚ್ಚಿಸುವ ದಾರಿ ಹುಡುಕುವ ಮೊದಲು ಆ 100 ಪಾಲನ್ನು 70ಕ್ಕೆ ಇಳಿಸಲು ನೋಡಿ. ಅಮೆರಿಕದ ರಾಚೆಸ್ಟರ್‌ನಲ್ಲಿ ಗಾರ್ಡನ್ ಮೂರ್ ಎಂಬ ಕುಟುಂಬ ವೈದ್ಯರು 2001ರ ಸುಮಾರಿಗೆ ಒಂದೇ ಕೋಣೆಯಲ್ಲಿ, ಸಿಬ್ಬಂದಿಯಿಲ್ಲದೆ ಪ್ರಾಕ್ಟೀಸ್ ಆರಂಭಿಸಿದ್ದು ಇದೇ ತರ್ಕದಿಂದ. ಖರ್ಚು ಕಡಿಮೆಯಾದಷ್ಟೂ ದಿನಕ್ಕೆ ನೋಡಲೇಬೇಕಾದ ಜನರ ಸಂಖ್ಯೆ ಕಡಿಮೆಯಾಗುತ್ತದೆ, ಒಬ್ಬೊಬ್ಬರಿಗೂ ಕೊಡಲು ಸಮಯ ಸಿಗುತ್ತದೆ. ಸಿಬ್ಬಂದಿಯೇ ಬೇಡ ಎನ್ನುವುದು ಎಲ್ಲರಿಗೂ ಒಗ್ಗದು. ತರ್ಕ ಮಾತ್ರ ಎಲ್ಲರಿಗೂ ಅನ್ವಯಿಸುತ್ತದೆ.

ಜಾಗದ ವಿಷಯದಲ್ಲಿ ಸಹಿ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ತಪಾಸಣೆ ಕೋಣೆಯಾಗಬೇಕಾದಲ್ಲಿ ಒಬ್ಬರನ್ನು ಕೂರಿಸಿ, ಮಾಮೂಲಿ ದನಿಯಲ್ಲಿ ಏನಾದರೂ ಓದಲು ಹೇಳಿ, ಬಾಗಿಲು ಹಾಕಿ, ಜನ ಕಾಯುವ ಜಾಗದಲ್ಲಿ ನಿಲ್ಲಿ. ಪದಗಳು ಬಿಡಿಬಿಡಿಯಾಗಿ ಕೇಳಿಸಿದರೆ ಆ ಗೋಡೆ ಸಾಲದು. ಹೊರಗೆ ಕೇಳಿಸುತ್ತದೆ ಎಂಬ ಅನುಮಾನ ಬಂದರೆ ಪೇಷಂಟ್ ಹೇಳಬೇಕಾದ್ದನ್ನು ಹೇಳುವುದಿಲ್ಲ. ಬಾಗಿಲಿನ ಅಗಲ 90 ಸೆಂಟಿಮೀಟರ್ ಇರಲಿ, ಗಾಲಿಕುರ್ಚಿ ತಿರುಗಲು ಸುಮಾರು 150 ಸೆಂಟಿಮೀಟರ್ ಬಯಲು ಬಿಡಿ. ಕೈ ತೊಳೆಯುವ ಸಿಂಕ್ ತಪಾಸಣೆ ಕೋಣೆಯ ಒಳಗೇ ಇರಬೇಕು. ಹೊರಗಿದ್ದರೆ, ಸುಸ್ತಾದ ಸಂಜೆ ಹೊತ್ತು ಎದ್ದುಹೋಗಿ ತೊಳೆಯುವುದು ತಪ್ಪುತ್ತದೆ. ಸೋಪಿನಲ್ಲಿ 40ರಿಂದ 60 ಸೆಕೆಂಡ್, ಆಲ್ಕೋಹಾಲ್ ದ್ರಾವಣದಲ್ಲಿ 20ರಿಂದ 30 ಸೆಕೆಂಡ್ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅವಧಿ. ನಿಮ್ಮ ಕುರ್ಚಿಗೂ ಬಾಗಿಲಿಗೂ ನಡುವೆ ಯಾರೂ ಕೂರದಂತೆ ಮೇಜು ಹಾಕಿಕೊಳ್ಳಿ. ಸಿಟ್ಟಿಗೆದ್ದವರು ಎದುರಿಗಿರುವಾಗ ಒಬ್ಬರೇ ಇರುವ ಡಾಕ್ಟರಿಗೆ ಹೊರಹೋಗುವ ದಾರಿ ತೆರೆದಿರಬೇಕು. ಕಾಯುವ ಜಾಗಕ್ಕೆ ಎದುರುಬದುರು ಕಿಟಕಿಗಳಿದ್ದರೆ ಅದೇ ದೊಡ್ಡ ಸೌಕರ್ಯ. ದಡಾರದ ಮಗು ಬಂದುಹೋದ ಮೇಲೂ ವೈರಸ್ ಎರಡು ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು. ಜ್ವರ, ಗಂಧೆ, ಕಣ್ಣು ಕೆಂಪು ಎಂದು ಫೋನಿನಲ್ಲಿ ಹೇಳಿದವರಿಗೆ ಕೊನೆಯ ಸಮಯ ಕೊಡಿ, ಬಂದ ಕೂಡಲೇ ಒಳಗೆ ಕರೆದುಕೊಳ್ಳಿ.

ಸಮಯದ ವಿಷಯಕ್ಕೆ ಬಂದರೆ, ಎಷ್ಟು ಹೊತ್ತು ಕಾಯಿಸುತ್ತೀರಿ ಎನ್ನುವುದನ್ನು ನಿಮ್ಮ ಚುರುಕುತನಕ್ಕಿಂತ ಹೆಚ್ಚಾಗಿ ಗಣಿತ ತೀರ್ಮಾನಿಸುತ್ತದೆ. ಒಬ್ಬರಿಗೆ ಸರಾಸರಿ 12 ನಿಮಿಷ ಬೇಕು, ಜನ ತಮಗೆ ತೋಚಿದಾಗ ಬರುತ್ತಾರೆ ಎಂದುಕೊಳ್ಳಿ. ಸರದಿಯ ಸಾಲುಗಳ ಸರಳ ಸೂತ್ರದ ಪ್ರಕಾರ ನಿಮ್ಮ ಸಮಯದ ಶೇ. 60 ತುಂಬಿದ್ದಾಗ ಸರಾಸರಿ ಕಾಯುವಿಕೆ 18 ನಿಮಿಷ, ಶೇ. 80 ತುಂಬಿದಾಗ 48, ಶೇ. 90ಕ್ಕೆ 108. ಮೂರು ಗಂಟೆಯ ಒಂದು ಹೊತ್ತಿನಲ್ಲಿ ಅಂಕಿ ಇಷ್ಟು ಏರದಿರಬಹುದು, ಆದರೆ ದಿಕ್ಕು ಇದೇ. ಶೇ. 80ರ ಮೇಲೆ ಇನ್ನೊಂದು ಹತ್ತು ಶೇಕಡಾ ತುಂಬಿಸಲು ಹೋದಾಗ ಕಾಯುವಿಕೆ ಇಮ್ಮಡಿಗಿಂತ ಹೆಚ್ಚಾಗುತ್ತದೆ. ಹಾಗಾಗಿ ಮೂರು ಗಂಟೆಗೆ 15 ನಿಮಿಷದ 12 ಜಾಗಗಳಿದ್ದರೆ ಮೊದಲೇ 9 ಮಾತ್ರ ಕೊಡಿ. ಪ್ರತಿ ಗಂಟೆಯ ಕೊನೆಯ ಒಂದನ್ನು ಅಂದೇ ಬರುವವರಿಗೆ ಖಾಲಿ ಬಿಡಿ. ಯಾರೂ ಬರದಿದ್ದರೆ ಆ 15 ನಿಮಿಷ ತಡವಾದದ್ದನ್ನು ಸರಿದೂಗಿಸುತ್ತದೆ, ಇಲ್ಲವೇ ರಿಪೋರ್ಟ್ ನೋಡಲು ಸಿಗುತ್ತದೆ.

ಕುರ್ಚಿಗಳ ಸಂಖ್ಯೆಯೂ ಇದೇ ಲೆಕ್ಕದಿಂದ ಬರುತ್ತದೆ. ಗಂಟೆಗೆ 4 ಜನ, ಒಬ್ಬೊಬ್ಬರು ಮುಕ್ಕಾಲು ಗಂಟೆ ಕಾದರೆ ಯಾವುದೇ ಹೊತ್ತಿನಲ್ಲಿ ಸರಾಸರಿ 3 ಜನ ಕಾಯುತ್ತಿರುತ್ತಾರೆ. ಜೊತೆಗೊಬ್ಬರು ಬಂದರೆ 6. ಸರಾಸರಿ ಎಂದರೆ ಎಷ್ಟೋ ಹೊತ್ತು ಅದಕ್ಕಿಂತ ಹೆಚ್ಚು, ಆದ್ದರಿಂದ 10 ಕುರ್ಚಿ ಹಾಕಿ. ಅಪಾಯಿಂಟ್‌ಮೆಂಟ್ ವಾರಗಟ್ಟಲೆ ಮುಂದೆ ಹೋಗಲು ಬಿಡುವುದು ಇನ್ನೊಂದು ತಪ್ಪು. ದೂರದ ದಿನಾಂಕ ಕೊಟ್ಟಷ್ಟೂ ಬರದೆ ಉಳಿಯುವವರು ಹೆಚ್ಚಾಗುತ್ತಾರೆ, ನಡುವೆ ರೋಗ ಉಲ್ಬಣಿಸಿದವರು ಸರದಿ ಮುರಿದು ಬರುತ್ತಾರೆ. ಇವತ್ತಿನ ಕೆಲಸ ಇವತ್ತೇ ಎನ್ನುವ ಪದ್ಧತಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಮಾರ್ಕ್ ಮರ್ರೆ ಮತ್ತು ಕ್ಯಾಥರೀನ್ ಟಾಂಟೌ ರೂಪಿಸಿ ಪ್ರಚಾರ ಮಾಡಿದರು. ಒಬ್ಬರೇ ನಡೆಸುವ ಕ್ಲಿನಿಕ್ಕಿಗೆ ಅದು ಹೇಳಿ ಮಾಡಿಸಿದಂತಿದೆ. ಆದರೆ ಮೊದಲು ಬಾಕಿ ಉಳಿದ ಸರದಿಯನ್ನು ಕೆಲವು ವಾರ ಹೆಚ್ಚು ಹೊತ್ತು ಕೂತು ಕರಗಿಸಿದ ಮೇಲೆಯೇ ಅದು ನಡೆಯುತ್ತದೆ.

ಈಗ ಈ ಬರಹದ ಮುಖ್ಯ ವಿಷಯ: ಬಾಕಿ ಪರೀಕ್ಷೆಗಳ ರಿಜಿಸ್ಟರ್. ನೀವು ಬರೆದುಕೊಟ್ಟ ಪ್ರತಿಯೊಂದು ಪರೀಕ್ಷೆ ಒಂದು ತೆರೆದ ಕೆಲಸ. ಪೇಷಂಟ್ ಪರೀಕ್ಷೆಗೆ ಹೋಗದೇ ಇರಬಹುದು. ಹೋದರೂ ಲ್ಯಾಬ್ ರಿಪೋರ್ಟ್ ಕಳಿಸದಿರಬಹುದು. ಕಳಿಸಿದರೂ ನೀವು ನೋಡದಿರಬಹುದು. ನೋಡಿದರೂ ಪೇಷಂಟಿಗೆ ಹೇಳದಿರಬಹುದು. ಹೇಳಿದರೂ ಮುಂದಿನ ಹೆಜ್ಜೆ ಇಡದಿರಬಹುದು. ಐದು ಕಡೆ ಕೊಂಡಿ ಕಳಚಬಹುದು, ಕಳಚಿದಾಗ ಯಾವ ಸದ್ದೂ ಆಗುವುದಿಲ್ಲ. ಅದಕ್ಕೇ ಒಂದು ಉದ್ದನೆಯ ಪುಸ್ತಕ ಅಥವಾ ಸ್ಪ್ರೆಡ್‌ಶೀಟ್ ಇಡಿ, ಏಳು ಕಾಲಂ ಹಾಕಿ: ಬರೆದ ದಿನಾಂಕ, ಹೆಸರು ಮತ್ತು ಫೋನ್, ಯಾವ ಪರೀಕ್ಷೆ, ಯಾವಾಗ ಬರಬೇಕು, ಬಂದ ದಿನ, ಪೇಷಂಟಿಗೆ ತಿಳಿಸಿದ ದಿನ, ಏನು ಮಾಡಿದಿರಿ. ಕೊನೆಯ ಕಾಲಂ ತುಂಬುವವರೆಗೆ ಆ ಸಾಲು ತೆರೆದೇ ಇರುತ್ತದೆ. ಸಹಾಯಕರು ದಿನವೂ ಕ್ಲಿನಿಕ್ ಮುಚ್ಚುವ ಮೊದಲು ತೆರೆದ ಸಾಲುಗಳನ್ನು ಓದಿ ಹೇಳಬೇಕು, ನೀವು ಕೂತು ಕೇಳಬೇಕು. ವಾರಕ್ಕೊಮ್ಮೆ ಅವಧಿ ಮೀರಿದ ಸಾಲುಗಳಿಗೆಲ್ಲ ಫೋನ್ ಹೋಗಬೇಕು.

ಇದನ್ನು ಹಾಳುಮಾಡುವ ಒಂದು ಮಾತಿದೆ: "ರಿಪೋರ್ಟ್‌ನಲ್ಲಿ ಏನಾದರೂ ಇದ್ದರೆ ನಾವೇ ಫೋನ್ ಮಾಡ್ತೀವಿ, ಇಲ್ಲಾಂದ್ರೆ ಎಲ್ಲ ಸರಿ ಇದೆ ಅಂತ ತಿಳ್ಕೊಳ್ಳಿ." ಇದನ್ನು ಯಾವತ್ತೂ ಹೇಳಬೇಡಿ, ಹೇಳಲು ಬಿಡಬೇಡಿ. ಕಳೆದುಹೋದ ರಿಪೋರ್ಟಿನ ಮೌನವೂ ಚೆನ್ನಾಗಿರುವ ರಿಪೋರ್ಟಿನ ಮೌನವೂ ಪೇಷಂಟಿಗೆ ಒಂದೇ ಥರ ಕಾಣುತ್ತವೆ. "ಶುಕ್ರವಾರ ಸಂಜೆಯೊಳಗೆ ನಮ್ಮ ಫೋನ್ ಬರದಿದ್ದರೆ ಶನಿವಾರ ಬೆಳಿಗ್ಗೆ ನೀವೇ ಫೋನ್ ಮಾಡಿ, ರಿಪೋರ್ಟ್ ಕೈಗೆ ಬರೋವರೆಗೆ ಬಿಡಬೇಡಿ" ಎಂದು ಹೇಳಿ, ಚೀಟಿಯ ಮೇಲೆ ಬರೆದುಕೊಡಿ. ಆಗ ಪೇಷಂಟೇ ನಿಮ್ಮ ಎರಡನೇ ಜೋಡಿ ಕಣ್ಣಾಗುತ್ತಾರೆ. ಲ್ಯಾಬಿಗೆ ನಿಮ್ಮದಲ್ಲದೆ ಇನ್ನೊಂದು ಫೋನ್ ನಂಬರನ್ನೂ ಕೊಟ್ಟಿರಿ. ರಕ್ತದ ಪೊಟ್ಯಾಸಿಯಂ 6.5, ಅಂದರೆ ಅಪಾಯದ ಮಟ್ಟ, ಎಂದು ರಾತ್ರಿ ಒಂಬತ್ತಕ್ಕೆ ಗೊತ್ತಾದರೆ ಅದು ಬೆಳಿಗ್ಗೆ ಹತ್ತರವರೆಗೆ ಕಾಯುವ ಸುದ್ದಿಯಲ್ಲ.

ರೆಫರಲ್ ಕೂಡ ಇದೇ ಪುಸ್ತಕಕ್ಕೆ ಸೇರಬೇಕು. ತಜ್ಞರ ಬಳಿ ಕಳಿಸಿದಿರಿ, ಪೇಷಂಟ್ ಹೋದರೇ, ಉತ್ತರ ಬಂತೇ, ಅವರು ಬದಲಿಸಿದ ಔಷಧಿ ನಿಮ್ಮ ಕಡತದಲ್ಲಿ ಬದಲಾಯಿತೇ? ಎದೆಯ ಎಕ್ಸ್‌ರೇಯಲ್ಲಿ ಕಂಡ ಸಣ್ಣ ನೆರಳು, ಮಲದಲ್ಲಿ ಸಿಕ್ಕ ರಕ್ತದ ಅಂಶ, ಗರ್ಭಕಂಠದ ಪರೀಕ್ಷೆಯಲ್ಲಿ ಬಂದ ಅನುಮಾನ, ಇವು ನೋವಿಲ್ಲದೆ ಕಾಯುವ ವಿಷಯಗಳು. ಪೇಷಂಟಿಗೆ ಆರಾಮವಿದೆ ಎಂಬ ಕಾರಣಕ್ಕೇ ಮರೆತುಹೋಗುತ್ತವೆ. ವಾರ್ಫರಿನ್, ಲಿಥಿಯಂ, ಮೆಥೊಟ್ರೆಕ್ಸೇಟ್‌ನಂಥ, ಆಗಾಗ ರಕ್ತ ಪರೀಕ್ಷಿಸುತ್ತಿರಬೇಕಾದ ಔಷಧಿ ತೆಗೆದುಕೊಳ್ಳುವವರಿಗೆ ಬೇರೆ ಪುಟ ಮಾಡಿ, ಮುಂದಿನ ರಕ್ತಪರೀಕ್ಷೆಯ ದಿನಾಂಕದ ಕ್ರಮದಲ್ಲಿ ಹೆಸರು ಬರೆಯಿರಿ.

ಕಡತದ ಬಗ್ಗೆ ನನಗಿರುವುದು ಒಂದೇ ಅಳತೆಗೋಲು. ನಾಳೆ ಬೆಳಿಗ್ಗೆ ನಿಮ್ಮ ಬದಲು ಬೇರೆ ಡಾಕ್ಟರ್ ಆ ಕುರ್ಚಿಯಲ್ಲಿ ಕೂತರೆ, ಆ ಕಡತ ನೋಡಿ ಎರಡು ನಿಮಿಷದಲ್ಲಿ ಚಿಕಿತ್ಸೆ ಮುಂದುವರಿಸಲು ಆಗುತ್ತದೆಯೇ? ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲಿ ಮಂಡಿಸಿದ ಸಮಸ್ಯೆ ಆಧಾರಿತ ದಾಖಲೆಯ ಕ್ರಮ ಇಂದಿಗೂ ಇದಕ್ಕೆ ಸಾಕು. ಮೊದಲ ಪುಟದಲ್ಲಿ ಸಮಸ್ಯೆಗಳ ಪಟ್ಟಿ, ಈಗಿನ ಔಷಧಿಗಳು, ಅಲರ್ಜಿ. ಒಳಪುಟಗಳಲ್ಲಿ ಪ್ರತಿ ಭೇಟಿಗೆ ಪೇಷಂಟ್ ಹೇಳಿದ್ದು, ನೀವು ಕಂಡದ್ದು, ನಿಮ್ಮ ಅಂದಾಜು, ಮುಂದಿನ ಯೋಜನೆ. ಅಲರ್ಜಿ ಇಲ್ಲದಿದ್ದರೂ "ಕೇಳಿದೆ, ಇಲ್ಲ" ಎಂದು ಬರೆಯಿರಿ. ಖಾಲಿ ಬಿಟ್ಟರೆ ಕೇಳಿದ್ದೀರೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಫೋನಿನಲ್ಲಿ ಕೊಟ್ಟ ಸಲಹೆಗೂ ದಿನಾಂಕ, ಸಮಯ ಹಾಕಿ ಒಂದು ಸಾಲು ಬರೆಯಿರಿ.

ಪ್ರಿಸ್ಕ್ರಿಪ್ಷನ್ ಬರೆಯುವಾಗ 5 ಮಿಲಿಗ್ರಾಂ ಅನ್ನು 5.0 ಎಂದು ಬರೆಯಬೇಡಿ, ಚುಕ್ಕಿ ಮಸುಕಾದರೆ 50 ಆಗುತ್ತದೆ. ಅರ್ಧವನ್ನು ಮುಂದೆ ಸೊನ್ನೆಯಿಟ್ಟು 0.5 ಎಂದೇ ಬರೆಯಿರಿ. ಇನ್ಸುಲಿನ್‌ಗೆ ಯೂನಿಟ್ ಎಂಬ ಪದ ಪೂರ್ತಿ ಬರೆಯಿರಿ, ಇಂಗ್ಲಿಷಿನ U ಎಂಬ ಒಂದೇ ಅಕ್ಷರ ಬರೆದರೆ ಅದು ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗಬಹುದು. ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟನ್ನು ದಿನವೂ ನುಂಗಿ ಪ್ರಾಣಕ್ಕೆ ಬಂದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. "ಸೋಮವಾರ ಮಾತ್ರ" ಎಂದು ವಾರದ ಹೆಸರು ಬರೆಯುವುದಕ್ಕೆ ಎರಡು ಸೆಕೆಂಡ್ ಸಾಕು. ಕಂಪ್ಯೂಟರ್ ದಾಖಲೆಯಾದರೆ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಕ್ಲಿನಿಕ್ಕಿನ ಹೊರಗೆ. ಬ್ಯಾಕಪ್ ಆಗಿದೆ ಎಂಬ ಸಂದೇಶ ನಂಬಬೇಡಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಒಬ್ಬ ಪೇಷಂಟಿನ ಕಡತ ಪೂರ್ತಿ ಓದಲು ಬರುತ್ತದೆಯೇ ನೋಡಿ.

ತುರ್ತು ಡ್ರಾಯರ್. ಒಬ್ಬರೇ ಇರುವಾಗ ಇದು ಮೇಜಿನಿಂದ ಎದ್ದು ಮೂರು ಹೆಜ್ಜೆಯಲ್ಲಿ ಸಿಗಬೇಕು, ಬೀಗ ಹಾಕಿರಬಾರದು. ಅಡ್ರಿನಲಿನ್ ಮೊದಲ ಸ್ಥಾನದಲ್ಲಿರಲಿ: 1 ಮಿಲೀಲೀಟರಿನಲ್ಲಿ 1 ಮಿಲಿಗ್ರಾಂ ಇರುವ ಆಂಪ್ಯೂಲ್ ಐದಾರು. ಅವುಗಳ ಪಕ್ಕದಲ್ಲೇ 1 ಮಿಲೀಲೀಟರ್ ಸಿರಿಂಜ್ ಮತ್ತು ಸ್ನಾಯುವಿಗೆ ತಲುಪುವಷ್ಟು ಉದ್ದದ ಸೂಜಿಗಳನ್ನು ಒಂದೇ ಪೊಟ್ಟಣದಲ್ಲಿ ಕಟ್ಟಿಡಿ. ತೀವ್ರ ಅಲರ್ಜಿಯ ಆಘಾತದಲ್ಲಿ ದೊಡ್ಡವರಿಗೆ 0.5 ಮಿಲೀಲೀಟರ್, ತೊಡೆಯ ಹೊರಬದಿಯ ಮಧ್ಯಭಾಗಕ್ಕೆ, ಸ್ನಾಯುವಿನೊಳಗೆ. ಮಕ್ಕಳಿಗೆ ಕಿಲೋಗೆ 0.01 ಮಿಲಿಗ್ರಾಂ, ಅಂದರೆ 10 ಕಿಲೋ ಮಗುವಿಗೆ 0.1 ಮಿಲೀಲೀಟರ್, 20 ಕಿಲೋಗೆ 0.2. ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೊಮ್ಮೆ. ಈ ಅಂಕಿಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಡ್ರಾಯರಿನ ಒಳಗೇ ಅಂಟಿಸಿ, ಏಕೆಂದರೆ ಕೈ ನಡುಗುವ ಹೊತ್ತಿನಲ್ಲಿ ಭಾಗಾಕಾರ ಬರುವುದಿಲ್ಲ.

ತಪ್ಪುವುದು ಎಲ್ಲಿ? ಮೊದಲು ಅಲರ್ಜಿಗೆ ಕೊಡುವ ಆಂಟಿಹಿಸ್ಟಮಿನ್ ಇಂಜೆಕ್ಷನ್, ಸ್ಟೆರಾಯ್ಡ್ ಕೊಟ್ಟು ನೋಡೋಣ ಎಂದು ಕಾಯುವುದರಲ್ಲಿ. ಅವೆರಡೂ ಆ ಕ್ಷಣಕ್ಕೆ ಪ್ರಾಣ ಉಳಿಸುವುದಿಲ್ಲ. ಎರಡನೆಯದು, ಸ್ವಲ್ಪ ಚೇತರಿಸಿಕೊಂಡವರನ್ನು ಎಬ್ಬಿಸಿ ನಿಲ್ಲಿಸುವುದರಲ್ಲಿ. ರಕ್ತನಾಳಗಳು ಹಿಗ್ಗಿರುವಾಗ ನಿಂತರೆ ಹೃದಯಕ್ಕೆ ಮರಳುವ ರಕ್ತ ಹಠಾತ್ತನೆ ಕುಸಿಯುತ್ತದೆ, ಹೃದಯ ನಿಲ್ಲಬಹುದು. ಮಲಗಿಸಿ, ಕಾಲು ಎತ್ತಿಡಿ. ಉಸಿರಾಟ ಬಹಳ ಕಷ್ಟವಿದ್ದರೆ ಕಾಲು ಚಾಚಿ ಕೂರಿಸಿ, ನಿಲ್ಲಿಸಬೇಡಿ. ಇಂಜೆಕ್ಷನ್ ಅಥವಾ ಲಸಿಕೆ ಪಡೆದವರನ್ನು 15 ನಿಮಿಷ, ಹಿಂದೆ ಅಲರ್ಜಿ ಆದವರನ್ನು 30 ನಿಮಿಷ ನಿಮ್ಮ ಸಹಾಯಕರ ಕಣ್ಣಿಗೆ ಕಾಣುವ ಕುರ್ಚಿಯಲ್ಲಿ ಕೂರಿಸಿ.

ಡ್ರಾಯರಿನ ಉಳಿದ ಸಾಮಾನು: ಅಗಿದು ನುಂಗುವ 300 ಮಿಲಿಗ್ರಾಂ ಆಸ್ಪಿರಿನ್, ಸಾಲ್‌ಬ್ಯುಟಮಾಲ್ ಇನ್‌ಹೇಲರ್ ಮತ್ತು ಸ್ಪೇಸರ್, ಗ್ಲೂಕೋಸ್ ಪುಡಿ ಮತ್ತು ಶಿರೆಗೆ ಕೊಡುವ ಗ್ಲೂಕೋಸ್, ಫಿಟ್ಸ್ ನಿಲ್ಲಿಸುವ ಔಷಧಿ, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಮತ್ತು ಎರಡು ಮೂರು ಅಳತೆಯ ಮಾಸ್ಕ್. ಆಮ್ಲಜನಕದ ಸಿಲಿಂಡರ್ ಕೊಳ್ಳುವ ಮೊದಲು ಆಂಬುಲೆನ್ಸ್ ನಿಮ್ಮ ಬಾಗಿಲಿಗೆ ಬರಲು ಎಷ್ಟು ಹೊತ್ತು ಬೇಕು ಎಂದು ವಿಚಾರಿಸಿ. 340 ಲೀಟರಿನ ಸಣ್ಣ ಸಿಲಿಂಡರ್ ನಿಮಿಷಕ್ಕೆ 15 ಲೀಟರಿನಂತೆ ಬಿಟ್ಟರೆ 22 ನಿಮಿಷಕ್ಕೆ ಖಾಲಿ. ಆಂಬುಲೆನ್ಸ್ 40 ನಿಮಿಷ ತೆಗೆದುಕೊಳ್ಳುವ ಕಡೆ ಎರಡು ಬೇಕು, ಇಲ್ಲವೇ ದೊಡ್ಡದು ಬೇಕು. ವಾಲ್ವ್ ತೆರೆಯುವ ಕೀಲಿಯನ್ನು ಸಿಲಿಂಡರಿಗೇ ದಾರದಿಂದ ಕಟ್ಟಿ. ಎಣ್ಣೆ, ಗ್ರೀಸ್ ಅದರ ಹತ್ತಿರ ಸುಳಿಯಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ. ತಿಂಗಳ ಮೊದಲ ದಿನ ಎಕ್ಸ್‌ಪೈರಿ ದಿನಾಂಕ, ಸಿಲಿಂಡರಿನ ಒತ್ತಡ, ಅಂಬು ಬ್ಯಾಗಿನ ರಬ್ಬರ್ ಮೂರನ್ನೂ ನೋಡಿ ಸಹಿ ಹಾಕಿ.

ಫ್ರಿಜ್ಜಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಲಸಿಕೆಗೆ ಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್. ಎಲ್ಲರೂ ಹೆದರುವುದು ಬಿಸಿಗೆ, ಆದರೆ ಹೆಪಟೈಟಿಸ್ ಬಿ, ಟೆಟನಸ್, ಡಿಪಿಟಿಯಂಥ ಲಸಿಕೆಗಳಿಗೆ ಹೆಪ್ಪುಗಟ್ಟುವುದು ಇನ್ನೂ ಕೆಟ್ಟದು. ಅದರಲ್ಲಿರುವ ಅಲ್ಯೂಮಿನಿಯಂ ಲವಣ ಗಂಟುಕಟ್ಟಿ ಶಕ್ತಿ ಹೋಗುತ್ತದೆ, ಕರಗಿದ ಮೇಲೆ ಬರಿಗಣ್ಣಿಗೆ ವ್ಯತ್ಯಾಸ ಗೊತ್ತಾಗದಿರಬಹುದು. ಮನೆಬಳಕೆಯ ಫ್ರಿಜ್ಜಿನಲ್ಲಿ ಹಿಂಗೋಡೆಗೆ ತಾಗಿದ ಬಾಟಲಿ, ಫ್ರೀಜರಿನ ಕೆಳಗಿನ ಬಾಟಲಿ ಮೊದಲು ಹೆಪ್ಪುಗಟ್ಟುತ್ತವೆ. ಬಾಗಿಲಿನಲ್ಲಿಟ್ಟದ್ದು ಮೊದಲು ಬಿಸಿಯಾಗುತ್ತದೆ. ಮಧ್ಯದ ಹಲಗೆಯಲ್ಲಿ, ಗೋಡೆಯಿಂದ ದೂರ, ಗಾಳಿಯಾಡುವಂತೆ ಇಡಿ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ತುಂಬಿಸಿದರೆ ಕರೆಂಟು ಹೋದಾಗ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಕನಿಷ್ಠ ಮತ್ತು ಗರಿಷ್ಠ ಉಷ್ಣತೆ ನೆನಪಿಡುವ ಥರ್ಮಾಮೀಟರ್ ಹಾಕಿ, ದಿನಕ್ಕೆ ಎರಡು ಸಲ ಬರೆಯಿರಿ. ರಜೆ ಮುಗಿಸಿ ಬಂದ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಆ ಎರಡು ಅಂಕಿ ಬರೆದುಕೊಳ್ಳಿ, ಆ ಕತೆ ಬೇರೆಲ್ಲೂ ಸಿಗುವುದಿಲ್ಲ. ಮಿತಿ ಮೀರಿದ್ದು ಕಂಡರೆ ಲಸಿಕೆ ಎಸೆಯಲೂ ಬೇಡಿ, ಬಳಸಲೂ ಬೇಡಿ. "ಬಳಸಬಾರದು" ಎಂದು ಚೀಟಿ ಹಚ್ಚಿ, ಸರಿಯಾಗಿರುವ ಫ್ರಿಜ್ಜಿಗೆ ಸಾಗಿಸಿ, ಎಷ್ಟು ಹೊತ್ತು ಎಷ್ಟು ಡಿಗ್ರಿ ಎಂಬ ವಿವರದೊಂದಿಗೆ ತಯಾರಕರನ್ನೋ ಸರಬರಾಜು ಮಾಡಿದವರನ್ನೋ ಕೇಳಿ. ಪ್ಲಗ್ ಮೇಲೆ ಟೇಪ್ ಹಾಕಿ ತೆಗೆಯಬೇಡಿ ಎಂದು ಬರೆಯಿರಿ. ನೆಲ ಒರೆಸುವಾಗ ಕಿತ್ತ ಪ್ಲಗ್ ಮತ್ತೆ ಸಿಕ್ಕಿಸದೆ ಹೋಗುವುದು ಅಪರೂಪವಲ್ಲ.

ಹಬೆಯಿಂದ ಉಪಕರಣ ಶುದ್ಧಮಾಡುವ ಆಟೋಕ್ಲೇವ್ ವಿಷಯ ಚುಟುಕಾಗಿ: 121 ಡಿಗ್ರಿ, ಚದರಂಗುಲಕ್ಕೆ 15 ಪೌಂಡ್ ಒತ್ತಡ, ಸುತ್ತಿದ ಉಪಕರಣಕ್ಕೆ 30 ನಿಮಿಷ. ಉಷ್ಣತೆ ಮುಟ್ಟಿದ ಮೇಲೆ ಗಡಿಯಾರ ಶುರು, ಸ್ವಿಚ್ ಒತ್ತಿದಾಗಿನಿಂದಲ್ಲ. ಕತ್ತರಿ, ಫೋರ್ಸೆಪ್ಸ್ ಬಾಯಿ ತೆರೆದಿರಲಿ, ಒತ್ತೊತ್ತಾಗಿ ತುಂಬಬೇಡಿ, ಗಾಳಿ ಸಿಕ್ಕಿಕೊಂಡ ಕಡೆ ಹಬೆ ತಲುಪುವುದಿಲ್ಲ. ಬಣ್ಣ ಬದಲಿಸುವ ಟೇಪ್ ಹೇಳುವುದು ಪೊಟ್ಟಣ ಬಿಸಿ ಕಂಡಿದೆ ಎಂದು ಮಾತ್ರ. ಕ್ರಿಮಿಗಳು ಸತ್ತಿವೆಯೇ ಎಂದು ಹೇಳುವುದು ವಾರಕ್ಕೊಮ್ಮೆ ಮಾಡುವ ಸ್ಪೋರ್ ಪರೀಕ್ಷೆ. ಒಳಗಿಂದ ಒದ್ದೆಯಾಗಿ ಬಂದ ಪೊಟ್ಟಣ ಶುದ್ಧವಲ್ಲ.

ಬಿಪಿ ಉಪಕರಣಕ್ಕೆ ಮೂರು ಅಳತೆಯ ಕಫ್ ಬೇಕೇ ಬೇಕು. ಒಳಗಿನ ಚೀಲದ ಉದ್ದ ತೋಳಿನ ಸುತ್ತಳತೆಯ ಶೇ. 80, ಅಗಲ ಶೇ. 40. ದಪ್ಪ ತೋಳಿಗೆ ಸಣ್ಣ ಕಫ್ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಬೇಡದ ಮಾತ್ರೆ ವರ್ಷಗಟ್ಟಲೆ ಹೊಟ್ಟೆ ಸೇರುತ್ತದೆ. ಗ್ಲೂಕೋಮೀಟರ್ ಪಟ್ಟಿಯ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವಕ್ಕೆ ಕೆಡುತ್ತದೆ. ಹಣ್ಣು ಮುಟ್ಟಿದ ಬೆರಳು ತೊಳೆಯದೆ ಚುಚ್ಚಿದರೂ ಅಂಕಿ ಸುಳ್ಳಾಗುತ್ತದೆ. ಇಸಿಜಿಯಲ್ಲಿ ಒಂದನೇ ಲೀಡಿನ ಅಲೆಗಳೆಲ್ಲ ತಲೆಕೆಳಗಾಗಿ ಕಂಡರೆ ಹೃದಯದ ಬಗ್ಗೆ ಯೋಚಿಸುವ ಮೊದಲು ಎಡ ಬಲ ಕೈಗಳ ತಂತಿ ಅದಲುಬದಲಾಗಿದೆಯೇ ನೋಡಿ.

ಸಹಾಯಕರು ಒಬ್ಬರೇ ಇದ್ದರೂ ಅವರ ತರಬೇತಿಯಲ್ಲಿ ಜಿಪುಣತನ ಬೇಡ. ಎದೆನೋವು, ಏದುಸಿರು, ಮುಖ ಅಥವಾ ಕೈ ಒಂದು ಕಡೆ ಸೋತಿರುವುದು, ನಿಲ್ಲದ ರಕ್ತ, ಫಿಟ್ಸ್, ಹಾಲು ಕುಡಿಯದೆ ಮಂಕಾದ ಮಗು: ಈ ಆರು ಮಾತು ಕಿವಿಗೆ ಬಿದ್ದರೆ ಒಳಗೆ ಯಾರೇ ಇರಲಿ, ಬಾಗಿಲು ತಟ್ಟಿ ಹೇಳಬೇಕು. ಪಾರ್ಶ್ವವಾಯುವಿಗೆ ರಕ್ತದ ಹೆಪ್ಪು ಕರಗಿಸುವ ಔಷಧಿ ಸಾಮಾನ್ಯವಾಗಿ ಕೊಡುವುದು ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ. ಅವರು ನಿಮ್ಮ ಸರದಿಯಲ್ಲಿ ಕೂತ ಪ್ರತಿ ನಿಮಿಷ ಅದರಿಂದ ಕಳೆಯುತ್ತದೆ. ಬಾಗಿಲು ತಟ್ಟಿದ್ದಕ್ಕೆ ಒಮ್ಮೆ ಗದರಿದರೆ ಅವರು ಮತ್ತೆ ತಟ್ಟುವುದಿಲ್ಲ. ಖಾಸಗಿ ಅಂಗಗಳ ಪರೀಕ್ಷೆಗೆ ಮೂರನೆಯವರು ಇರಲೇಬೇಕು. ಪೇಷಂಟಿನ ಒಪ್ಪಿಗೆ ಕೇಳಿ, ಯಾರಿದ್ದರು ಎಂದು ಕಡತದಲ್ಲಿ ಬರೆಯಿರಿ. ಇಬ್ಬರಿಗೂ ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳಿಗೆ ಆಗಲಿ, ಒಂದೆರಡು ತಿಂಗಳ ನಂತರ ಪ್ರತಿಕಾಯ ನೋಡಿಸಿ. ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಸೂಜಿ ಡಬ್ಬಿ ಮುಕ್ಕಾಲು ತುಂಬಿದಾಗ ಮುಚ್ಚಿ. ಚುಚ್ಚಿಕೊಂಡರೆ ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ. ಎಚ್‌ಐವಿ ತಡೆಯ ಔಷಧಿ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಬಾರದು. ಆ ಔಷಧಿ ಎಲ್ಲಿ ಸಿಗುತ್ತದೆ ಎಂಬುದು ಇವತ್ತೇ ಗೋಡೆಯ ಮೇಲಿರಲಿ.

ಒಬ್ಬರೇ ಇರುವವರಿಗೆ ತಮ್ಮ ಕೆಲಸ ಚೆನ್ನಾಗಿ ನಡೆಯುತ್ತಿದೆ ಎನ್ನಿಸುವುದು ಬಹಳ ಸುಲಭ, ಏಕೆಂದರೆ ಬೇರೆ ಡಾಕ್ಟರ ಬಳಿ ಹೋದವರು ವಾಪಸ್ ಬಂದು ಹೇಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆಯವರ 20 ಕಡತ ಕಣ್ಣುಮುಚ್ಚಿ ಎತ್ತಿಕೊಳ್ಳಿ. ಆರು ತಿಂಗಳೊಳಗೆ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಆಗಿದೆಯೇ, ವರ್ಷದೊಳಗೆ ಕಣ್ಣು, ಪಾದ, ಮೂತ್ರದ ಪ್ರೋಟೀನ್ ನೋಡಿದ್ದೀರಾ ಎಂದು ಎಣಿಸಿ. ಅಂಕಿ ಎಷ್ಟೇ ಬರಲಿ, ಮುಂದಿನ ಸಲದ ಅಂಕಿಯ ಪಕ್ಕ ಇಡಲು ಬರೆದಿಟ್ಟುಕೊಳ್ಳಿ. ನಿಮ್ಮಂತೆಯೇ ಒಬ್ಬರೇ ಪ್ರಾಕ್ಟೀಸ್ ಮಾಡುವ ನಾಲ್ಕೈದು ಜನ ತಿಂಗಳಿಗೊಮ್ಮೆ ಕೂತು, ಒಬ್ಬೊಬ್ಬರು ತಮಗೆ ಬಗೆಹರಿಯದ ಒಂದು ಕೇಸನ್ನು ಮುಂದಿಡುವ ಪದ್ಧತಿ ಹಾಕಿಕೊಂಡರೆ ಅದಕ್ಕಿಂತ ಒಳ್ಳೆಯ ಕಲಿಕೆ ಇಲ್ಲ.

ಅದೇ ಬಳಗದಲ್ಲಿ ಇಬ್ಬರ ಜೊತೆ ಪರಸ್ಪರ ಒಪ್ಪಂದ ಮಾಡಿಕೊಳ್ಳಿ: ಒಬ್ಬರು ರಜೆಯಲ್ಲಿದ್ದಾಗ ಇನ್ನೊಬ್ಬರು ಅವರ ಪೇಷಂಟುಗಳನ್ನು ನೋಡುವುದು, ಲ್ಯಾಬಿನ ತುರ್ತು ಫೋನ್ ಅವರಿಗೆ ಹೋಗುವುದು. ಬಾಯಿಮಾತು ಸಾಲದು. ದಿನಾಂಕ, ಫೋನ್ ನಂಬರ್, ಕಡತ ನೋಡುವ ಅನುಮತಿ, ಫೀಸು ಯಾರಿಗೆ ಎಂಬುದೆಲ್ಲ ಕಾಗದದ ಮೇಲಿರಲಿ. ಇಬ್ಬರೇಕೆಂದರೆ, ಒಬ್ಬರಿಗೇ ಜ್ವರ ಬರಬಹುದು. ವರ್ಷದ ಆರಂಭದಲ್ಲೇ ರಜೆಯ ವಾರಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಆ ದಿನಗಳ ಅಪಾಯಿಂಟ್‌ಮೆಂಟ್ ತೆರೆಯಲೇಬೇಡಿ. ಪುರಸೊತ್ತು ಸಿಕ್ಕಾಗ ತೆಗೆದುಕೊಳ್ಳೋಣ ಎಂದಿಟ್ಟ ರಜೆ ಬರುವುದೇ ಇಲ್ಲ. ನಿಮಗೂ ಒಬ್ಬ ಡಾಕ್ಟರ್ ಇರಲಿ, ನಿಮ್ಮ ಬಿಪಿ, ನಿಮ್ಮ ನಿದ್ರೆ ಅವರು ನೋಡಲಿ.

ಇನ್ನೊಂದು ಕೆಲಸವನ್ನು ಎಲ್ಲರೂ ಮುಂದೂಡುತ್ತಾರೆ. ನೀವು ಇದ್ದಕ್ಕಿದ್ದಂತೆ ಹಾಸಿಗೆ ಹಿಡಿದರೆ ಅಥವಾ ತೀರಿಕೊಂಡರೆ ಕಡತಗಳು ಯಾರ ಕೈಗೆ ಹೋಗಬೇಕು, ಕಂಪ್ಯೂಟರಿನ ಪಾಸ್‌ವರ್ಡ್ ಏನು, ಬ್ಯಾಕಪ್ ಎಲ್ಲಿದೆ, ಬಾಕಿ ರಿಪೋರ್ಟುಗಳ ರಿಜಿಸ್ಟರ್ ಎಲ್ಲಿದೆ, ಯಾವ ಇಬ್ಬರು ಡಾಕ್ಟರುಗಳಿಗೆ ಮೊದಲು ಫೋನ್ ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸಿ. ಒಂದು ಪ್ರತಿ ಮನೆಯವರ ಬಳಿ, ಇನ್ನೊಂದು ಒಪ್ಪಂದದ ಡಾಕ್ಟರ ಬಳಿ. ಪಾಸ್‌ವರ್ಡ್ ಬದಲಿಸಿದಾಗಲೆಲ್ಲ ಹಾಳೆಯನ್ನೂ ಬದಲಿಸಿ, ಹಳೆಯದನ್ನು ವಾಪಸ್ ಪಡೆದು ಹರಿದುಹಾಕಿ. ಲಕೋಟೆ ತೆರೆದವರು ಅಂದೇ ಮಾಡಬೇಕಾದ ಕೆಲಸ ಆ ರಿಜಿಸ್ಟರಿನಲ್ಲಿ ತೆರೆದಿರುವ ಸಾಲುಗಳಿಗೆಲ್ಲ ಫೋನ್ ಮಾಡುವುದು. ಅದನ್ನು ಹಾಳೆಯ ಮೊದಲ ಸಾಲಿನಲ್ಲೇ ಬರೆಯಿರಿ.